ಸೇಂಟ್ ಮೇರಿಸ್ ದ್ವೀಪದ ಕಂಬ ಕೆತ್ತಿದವರು ಯಾರು?

ಮಲ್ಪೆಯಿಂದ ದೋಣಿ ಹತ್ತಿದರೆ ಅರ್ಧ ತಾಸಿನೊಳಗೆ ಸೇಂಟ್ ಮೇರಿಸ್ ದ್ವೀಪ. ತೆಂಗಿನ ಮರಗಳಾಚೆ ಕಡಲಂಚಿನಲ್ಲಿ ಕಲ್ಲಿನ ಕಂಬಗಳು ಒಂದಕ್ಕೊಂದು ಅಂಟಿಕೊಂಡು ನಿಂತಿವೆ. ಕೆಲವಕ್ಕೆ ಐದು ಮುಖ, ಹಲವಕ್ಕೆ ಆರು, ಅಲ್ಲೊಂದು ಇಲ್ಲೊಂದಕ್ಕೆ ಏಳು. ಶಾಲೆಯ ಪ್ರವಾಸದಲ್ಲಿ ಎಂಟನೇ ತರಗತಿಯ ಹುಡುಗನೊಬ್ಬ ಕೇಳಿದ: "ಸಾರ್, ಇವನ್ನು ಕೆತ್ತಿದವರು ಕಾರ್ಕಳದ ಶಿಲ್ಪಿಗಳಾ?"

ಪ್ರಶ್ನೆ ಚೆನ್ನಾಗಿತ್ತು. ಆದರೆ ಇಲ್ಲಿ ಉಳಿಯೂ ಇಲ್ಲ, ಶಿಲ್ಪಿಯೂ ಇಲ್ಲ.

ಬೇಸಿಗೆಯಲ್ಲಿ ಬತ್ತಿದ ಕೆರೆಯ ಕೆಸರನ್ನು ನೀವು ನೋಡಿರುತ್ತೀರಿ. ನೀರು ಆರಿದಂತೆ ಕೆಸರು ಕುಗ್ಗುತ್ತದೆ. ತಳಕ್ಕೆ ಅಂಟಿಕೊಂಡಿರುವುದರಿಂದ ಇಡಿಯಾಗಿ ಸರಿಯಲಾರದೆ ತುಂಡುತುಂಡಾಗಿ ಬಿರಿಯುತ್ತದೆ. ಲಾವಾರಸದ ಕಥೆಯೂ ಹಾಗೆಯೇ. ಅದು ಕಳೆದುಕೊಳ್ಳುವುದು ನೀರನ್ನಲ್ಲ, ಶಾಖವನ್ನು. ಮೇಲ್ಮೈಯಲ್ಲಿ ಮೂಡಿದ ಬಿರುಕು, ತಂಪು ಒಳಗಿಳಿದಂತೆ ತಾನೂ ಇಳಿಯುತ್ತದೆ. ಮೂರು ಬಿರುಕುಗಳು 120 ಡಿಗ್ರಿ ಕೋನದಲ್ಲಿ ಕೂಡಿದಾಗ ಎಳೆತ ಎಲ್ಲ ಕಡೆ ಸಮನಾಗುತ್ತದೆ. ಅದಕ್ಕೇ ಆರು ಮುಖದ ಕಂಬಗಳು.

ಇಲ್ಲಿ ನನ್ನದೊಂದು ತಪ್ಪೊಪ್ಪಿಗೆಯೂ ಇದೆ. ಇದು ದಖನ್ ಪ್ರಸ್ಥಭೂಮಿಯ ಬಸಾಲ್ಟ್ ಶಿಲೆಯೇ ಎಂದು ವರ್ಷಗಟ್ಟಲೆ ಮಕ್ಕಳಿಗೆ ಪಾಠ ಹೇಳಿದೆ. ಅದು ಸರಿಯಲ್ಲ. ದಖನ್ ಲಾವಾದ ವಯಸ್ಸು ಸುಮಾರು 6.6 ಕೋಟಿ ವರ್ಷ. ಈ ದ್ವೀಪದ್ದು ಸುಮಾರು 9 ಕೋಟಿ. ಶಿಲೆಯೂ ಬೇರೆ, ಸಿಲಿಕಾ ಹೆಚ್ಚಿರುವ ರಯೋಲೈಟ್, ಡೇಸೈಟ್ ಜಾತಿಯದು. ಭಾರತ ಮತ್ತು ಮಡಗಾಸ್ಕರ್ ಒಂದೇ ಭೂಭಾಗವಾಗಿದ್ದು, ಬೇರ್ಪಡುವ ಕಾಲದಲ್ಲಿ ಉಕ್ಕಿದ ಲಾವಾ ಇದು. ಅದೇ ಕಾಲದ ಲಾವಾ ಮಡಗಾಸ್ಕರಿನಲ್ಲೂ ಇದೆ.

ಈಗ ಒಂದು ಲೆಕ್ಕ. ಮಡಗಾಸ್ಕರಿನ ಉತ್ತರ ತುದಿ ಇಂದು ಮಲ್ಪೆಯಿಂದ ಸುಮಾರು 4,000 ಕಿ.ಮೀ. ದೂರ, ಅಂದರೆ 40 ಕೋಟಿ ಸೆಂಟಿಮೀಟರ್. ಅದನ್ನು 9 ಕೋಟಿ ವರ್ಷದಿಂದ ಭಾಗಿಸಿ. ಸರಾಸರಿ ವರ್ಷಕ್ಕೆ ನಾಲ್ಕೂವರೆ ಸೆಂಟಿಮೀಟರ್ ಆಸುಪಾಸು, ಹೆಚ್ಚುಕಡಿಮೆ ನಮ್ಮ ಉಗುರು ಬೆಳೆಯುವ ವೇಗ!

ಹೊರಡುವಾಗ ಅದೇ ಹುಡುಗನ ಚೀಲ ಭಾರವಾಗಿತ್ತು. ಒಳಗೆ ಕಂಬದ ಒಂದು ಚೂರು. ನಾನು ಗದರಲಿಲ್ಲ. "ಪುಸ್ತಕದ ಹಾಳೆ ಹರಿದು ಮನೆಗೊಯ್ದರೆ ಮುಂದಿನವರು ಏನು ಓದಬೇಕು?" ಎಂದೆ. ತಾನಾಗಿಯೇ ಹೋಗಿ ಇಟ್ಟು ಬಂದ. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಇಲಾಖೆ ಈ ಶಿಲೆಗಳನ್ನು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವೆಂದು ಘೋಷಿಸಿದೆ. ಆದರೆ ಫಲಕಕ್ಕಿಂತ ದೊಡ್ಡ ಕಾವಲು ತಿಳಿವಳಿಕೆಯೇ.

ಕಂಬ ಬೇಕೇ ಬೇಕೆನ್ನುವವರು ಮನೆಯಲ್ಲೇ ಮಾಡಿ. ಕಾರ್ನ್‌ಫ್ಲೋರಿಗೆ ಅಷ್ಟೇ ನೀರು ಬೆರೆಸಿ ಲೋಟದಲ್ಲಿ ದಪ್ಪಗೆ ಹುಯ್ದು, ಬಿಸಿಯಾಗುವ ಬಲ್ಬಿನ ಕೆಳಗೆ ಕೆಲವು ದಿನ ಒಣಗಲು ಬಿಡಿ. ಆಮೇಲೆ ಮೆಲ್ಲನೆ ಒಡೆದು ನೋಡಿ: ಒಳಗೆ ಪುಟ್ಟ ಪುಟ್ಟ ಕಂಬಗಳು. ಅಮ್ಮನ ಅನುಮತಿ ಮಾತ್ರ ಮೊದಲೇ ಕೇಳಿಕೊಳ್ಳಿ!