ಕದ್ದ ನಿಲ್ದಾಣವೆ?

ಬಾಹ್ಯಾಕಾಶ ನಿಲ್ದಾಣವನ್ನೇ ರಂಗವಾಗುಳ್ಳ ಎರಡು ಅಮೆರಿಕನ್ ಟೆಲಿವಿಷನ್ ಕಥಾಮಾಲೆಗಳು 1993ರ ಜನವರಿ, ಫೆಬ್ರವರಿಗಳಲ್ಲಿ ಒಂದರ ಬೆನ್ನಿಗೊಂದು ಮೊದಲು ಪ್ರಸಾರವಾದುವು: ‘ಡೀಪ್ ಸ್ಪೇಸ್ ನೈನ್’ ಮತ್ತು ‘ಬ್ಯಾಬಿಲಾನ್ 5’. ಎರಡನೆಯದರ ಕರ್ತೃ ಸ್ಟ್ರಾಜಿನ್ಸ್ಕಿ ತಮ್ಮ ಯೋಜನೆಯನ್ನು, ಮೊದಲನೆಯದನ್ನು ನಿರ್ಮಿಸಿದ ಪ್ಯಾರಾಮೌಂಟ್ ಸಂಸ್ಥೆಗೆ 1989ರಲ್ಲಿಯೇ ತೋರಿಸಿದ್ದುದರಿಂದ ಚೌರ್ಯದ ಶಂಕೆ ಹುಟ್ಟಿತು. ಶಂಕೆ ಸಹಜವೇ. ಆದರೆ ನಿಲ್ದಾಣದ ಕಲ್ಪನೆ ಇಬ್ಬರ ಸ್ವತ್ತೂ ಅಲ್ಲ. ಪೊಟೊಚ್ನಿಕನು 1920ರ ದಶಕದಲ್ಲಿಯೇ ತಿರುಗುವ ಚಕ್ರಾಕಾರದ ನಿಲ್ದಾಣವನ್ನು ವಿವರಿಸಿದ್ದನು.

ನಮಗೆ ಮುಖ್ಯವಾಗಿ ತೋರುವುದು ಅವುಗಳ ಭೇದ. ‘ಡೀಪ್ ಸ್ಪೇಸ್ ನೈನ್’ನಲ್ಲಿ ಗುರುತ್ವವನ್ನು ಯಂತ್ರವೇ ಹುಟ್ಟಿಸುತ್ತದೆ, ಹೇಗೆಂದು ಕೇಳುವಂತಿಲ್ಲ! ಬ್ಯಾಬಿಲಾನ್ ತನ್ನ ಅಕ್ಷದ ಸುತ್ತ ತಿರುಗುತ್ತದೆ. ಒಳಗೋಡೆಯು ನಿವಾಸಿಗಳ ಪಾದಗಳನ್ನು ಒತ್ತುವುದರಿಂದ ಅವರಿಗೆ ತೂಕದ ಅನುಭವವಾಗುತ್ತದೆ. ನಕಲು ಮಾಡಹೊರಟವರು ಈ ಸೊಗಸನ್ನೇಕೆ ಬಿಟ್ಟರು? ತ್ರಿಜ್ಯ 100 ಮೀಟರಾದರೆ ನಿಮಿಷಕ್ಕೆ ಸುಮಾರು 3 ಸುತ್ತು ಸಾಕು. ವಿದ್ಯಾರ್ಥಿಗಳು ಲೆಕ್ಕ ಮಾಡಿ ನೋಡಬಹುದು.