ಪ್ಲಗ್ ಒಂದಿದ್ದರೆ ಸಾಕು, ಓಟಿಪಿ ಬ್ಯಾಡ

ಕಳೆದ ಫೆಬ್ರವರಿಯ ಒಂದು ಸೋಮವಾರ. ಏಳು ಚೀಲ ಮೆಣಸಿನಕಾಯಿ ಬ್ಯಾಡಗಿ ಮಾರುಕಟ್ಟೆಗೆ ಕಳಿಸಿದ್ದೆ. ಚೀಲ ಊರಿನ ಟೆಂಪೋದಾಗ ಹೋದವು. ಹಿಂದಿನಿಂದ ನಾನು ಮಗನ ಕರೆಂಟ್ ಸ್ಕೂಟರ್ ಹತ್ತಿ ಹೋದೆ. ರಾಣೇಬೆನ್ನೂರು ತಾಲೂಕಿನ ನಮ್ಮ ಊರಿಂದ ಬ್ಯಾಡಗಿಗೆ 30 ಕಿ.ಮೀ. ಹಿಂದಿನ ರಾತ್ರಿ ಹೋದ ಕರೆಂಟ್ ಬಂದದ್ದು ಬೆಳಗಿನ ಐದಕ್ಕೆ. ಹಾಗಾಗಿ ಬ್ಯಾಟರಿ ನೂರಕ್ಕೆ ಅರವತ್ತೇ ತುಂಬಿತ್ತು. ಹೋಗಲಿಕ್ಕೆ ಸಾಕು, ಬರಲಿಕ್ಕೆ ಸಾಲದು ಅಂತ ಗೊತ್ತಿತ್ತು. ದಾರಿಯಾಗ ಹೆದ್ದಾರಿ ಐತಿ, ಅಲ್ಲಿ ಚಾರ್ಜಿಂಗ್ ಯಂತ್ರ ಇಟ್ಟಾರ, ನೋಡಿದರಾಯ್ತು ಅಂದುಕೊಂಡು ಹೊರಟೆ.

ಎಂಟಕ್ಕೆ ಮಾರುಕಟ್ಟೆ ಮುಟ್ಟಿದೆ. ಟೆಂಡರ್ ಆಗಿ, ತೂಕ ಆಗಿ, ದಲಾಲಿ ಅಂಗಡಿಯಿಂದ ಪಟ್ಟಿ ಕೈಗೆ ಬರುವಾಗ ಸಂಜೆ ನಾಲ್ಕು. ಈ ಎಂಟು ತಾಸು ಸ್ಕೂಟರ್ ಒಂದು ಬೇವಿನ ಗಿಡದ ನೆರಳಿಗೆ ಸುಮ್ಮನೆ ನಿಂತಿತ್ತು. ಇದನ್ನು ನೆನಪಿಡಿರಿ, ಮುಂದೆ ಇದರ ಮಾತು ಬರುತ್ತದೆ.

ವಾಪಸ್ಸು ಬರುವಾಗ ಹೆದ್ದಾರಿಯ ಒಂದು ಚಾರ್ಜಿಂಗ್ ಜಾಗಕ್ಕೆ ಹೋದೆ. ಮನುಷ್ಯರು ಯಾರೂ ಇಲ್ಲ. ಕಪಾಟಿನಷ್ಟು ಎತ್ತರದ ಯಂತ್ರ, ಮೇಲೊಂದು ಚೌಕಳಿ ಗುರುತು. ಅದನ್ನು ಫೋನಿನಿಂದ ತೋರಿಸಿದೆ. ಆ್ಯಪ್ ಇಳಿಸಿಕೋ ಅಂತು. ಅಲ್ಲಿ ಫೋನಿಗೆ ಒಂದೇ ಕಡ್ಡಿ ನೆಟ್‌ವರ್ಕ್. ಆ್ಯಪ್ ಇಳಿಯಲಿಕ್ಕೆ ಇಪ್ಪತ್ತು ನಿಮಿಷ. ಆಮೇಲೆ ಫೋನ್ ನಂಬರ್ ಕೇಳಿತು, ಓಟಿಪಿ ಕಳಿಸಿದೆ ಅಂತು. ಓಟಿಪಿ ಬರಲಿಲ್ಲ. ಫೋನ್ ಎತ್ತಿಹಿಡಿದು ರಸ್ತೆಯ ಆಚೆಗೆ, ಈಚೆಗೆ ಅಡ್ಡಾಡಿದೆ. ಬಂತು, ಆದರೆ ಅಷ್ಟೊತ್ತಿಗೆ ಅದರ ಟೈಮ್ ಮುಗಿದಿತ್ತು. ಮತ್ತೊಂದು ಕೇಳಿದೆ, ಬಂತು, ಹೊಡೆದೆ. ಮೊದಲು ನೂರು ರೂಪಾಯಿ ಜಮಾ ಮಾಡು ಅಂತು. ಮಗನಿಗೆ ಫೋನ್ ಮಾಡಿ ಅದನ್ನೂ ಹಾಕಿಸಿದೆ. ಕಡೆಗೆ ಯಂತ್ರದ ವೈರ್ ಹಿಡಿದು ನೋಡಿದರೆ ಅದರ ಬಾಯಿ ಬೇರೆ, ನನ್ನ ಗಾಡಿಯ ಬಾಯಿ ಬೇರೆ. ಅದು ಬರೀ ಕಾರಿಗೆ ಹಾಕಿದ್ದಂತೆ.

ಹೊತ್ತು ಮುಳುಗಿತ್ತು. ಕಿಸೆಯಲ್ಲಿ ಮೆಣಸಿನಕಾಯಿ ರೊಕ್ಕ. ಬ್ಯಾಟರಿಯಲ್ಲಿ ಇನ್ನು ಹದಿನೈದು ಕಿ.ಮೀ. ಹೋಗುವಷ್ಟು ಜೀವ, ಮನಿ ಇಪ್ಪತ್ತಕ್ಕಿಂತ ಹೆಚ್ಚು ದೂರ. ಆಗ ಬಾಜೂಕಿನ ಚಾದಂಗಡಿಯಾಂವ ಕರೆದ. "ಯಜಮಾನ್ರ, ದಿನಾ ಒಬ್ಬರು ನಿಮ್ಮಂಗ ಬಂದು ನಿಲ್ತಾರ. ನಿಮ್ಮ ಚಾರ್ಜರ್ ಐತೇನ್ರಿ? ತರ್ರಿ ಇಲ್ಲೆ, ಫ್ರಿಜ್ಜಿನ ಪ್ಲಗ್ ತಗದು ಹಚ್ಚೋಣು." ಚಾರ್ಜರ್ ಸೀಟಿನ ಕೆಳಗೇ ಇತ್ತು. ಎರಡು ತಾಸು ಹಚ್ಚಿದ್ವಿ. ಇಪ್ಪತ್ತು ರೂಪಾಯಿ ತಗೊಂಡ, ಚಾದ ರೊಕ್ಕ ಬೇರೆ. ರಾತ್ರಿ ಒಂಬತ್ತರ ಸುಮಾರಿಗೆ ಮನಿ ಮುಟ್ಟಿದೆ. ಮನೆಯವಳು ಬಾಗಿಲಲ್ಲೇ ಕುಂತಿದ್ದಳು.

ನಾನು ಏಳನೇತ್ತೆ ಕಲಿತವನು. ನನಗೆ ತಿಳಿಯದ್ದು ಬಹಳ ಇದೆ. ಆದರೆ ಅವತ್ತು ಒಂದು ತಿಳಿಯಿತು. ಲಕ್ಷಗಟ್ಟಲೆ ರೊಕ್ಕದ ಯಂತ್ರದಿಂದ ಆಗದ ಕೆಲಸ ಒಂದು ಪ್ಲಗ್ಗು, ಒಬ್ಬ ಮನುಷ್ಯ ಸೇರಿದರೆ ಆಯಿತು.

ಇದನ್ನು ಓದಿ "ಕರೆಂಟ್ ಗಾಡಿ ಸುಳ್ಳು" ಅಂತ ಯಾರೂ ತಿಳಿಯಬಾರದು. ಗಾಡಿ ಚಲೋ ಇದೆ. ನಮ್ಮ ಲೆಕ್ಕ ಹೇಳುತ್ತೇನೆ. ಬ್ಯಾಟರಿ ಪೂರಾ ತುಂಬಲಿಕ್ಕೆ ಸುಮಾರು 3 ಯೂನಿಟ್ ಬೇಕು, ನಮ್ಮ ರಸ್ತೆಯಾಗ ಅದು 90 ಕಿ.ಮೀ. ಓಡುತ್ತದೆ. ಯೂನಿಟ್ಟಿಗೆ 10 ರೂಪಾಯಿ ಹಿಡಿದರೂ 30 ರೂಪಾಯಿ. ನನ್ನ ಹಳೇ ಗಾಡಿ ಲೀಟರಿಗೆ 45 ಕಿ.ಮೀ. ಕೊಡುತ್ತಿತ್ತು. ಅಷ್ಟೇ ದಾರಿಗೆ ಎರಡು ಲೀಟರ್ ಪೆಟ್ರೋಲ್, ಅಂದರೆ 200 ರೂಪಾಯಿಗೆ ಮ್ಯಾಲೆ. ಮಳೆ ನಂಬಿ ಬದುಕುವ ನಮಗೆ ಈ ಅಂತರ ಸಣ್ಣದಲ್ಲ. ದೇಶದಲ್ಲೇ ಮೊದಲು, 2017ರಲ್ಲಿ, ವಿದ್ಯುತ್ ವಾಹನಕ್ಕೆ ನೀತಿ ಮಾಡಿದ್ದು ನಮ್ಮ ಕರ್ನಾಟಕ. ನೀತಿಯೂ ಚಲೋ, ಗಾಡಿಯೂ ಚಲೋ. ತೊಂದರೆ ಇರುವುದು ನಡುವೆ. ಗಾಡಿಗೆ ಕರೆಂಟ್ ಬೇಕು. ಕರೆಂಟ್ ತಗೊಳ್ಳಲಿಕ್ಕೆ ನೆಟ್‌ವರ್ಕ್ ಬೇಕು ಅಂತ ಮಾಡಿದ್ದಾರೆ. ನಮ್ಮ ಕಡೆ ಎರಡೂ ಹೇಳಿಕೇಳಿ ಬರುವುದಿಲ್ಲ, ಹೇಳಿಕೇಳಿ ಹೋಗುವುದೂ ಇಲ್ಲ. ಒಂದು ಹೋದರೆ ಹೆಂಗೋ ತಡಕೋಬಹುದು. ಒಂದಕ್ಕೊಂದು ಗಂಟು ಹಾಕಿದರೆ ಯಾವುದು ಹೋದರೂ ಕೆಲಸ ನಿಂತಂಗೇ.

ಬಂಕಿಗೂ ಕರೆಂಟ್ ಬೇಕಲ್ಲ ಅಂತ ಯಾರಾದರೂ ಕೇಳಬಹುದು. ಹೌದು, ಬೇಕು. ಆದರೆ ಅಲ್ಲಿ ಜನರೇಟರ್ ಇಟ್ಟಿರುತ್ತಾರೆ, ಒಬ್ಬ ಹುಡುಗ ನಿಂತಿರುತ್ತಾನೆ. ರೊಕ್ಕ ಕೊಟ್ಟರೆ ಎಣ್ಣೆ ಹಾಕುತ್ತಾನೆ. ನಿನ್ನ ಫೋನ್ ನಂಬರ್ ಏನು, ಅದಕ್ಕೆ ಓಟಿಪಿ ಬಂತೇನು ಅಂತ ಕೇಳುವುದಿಲ್ಲ.

ಈ ಓಟಿಪಿ ಕಾಟ ಗಾಡಿಗೆ ಮಾತ್ರ ಅಲ್ಲ ಅನ್ನುವುದು ಓದುಗರಿಗೆ ಗೊತ್ತೇ ಇದೆ. ಪಿಎಂ ಕಿಸಾನ್ ರೊಕ್ಕಕ್ಕೆ ಇ-ಕೆವೈಸಿ ಮಾಡಿಸಲಿಕ್ಕೆ ಹೋದಾಗ ನಮ್ಮ ಅವ್ವನ ಬೆರಳು ಯಂತ್ರಕ್ಕೆ ಹತ್ತಲೇ ಇಲ್ಲ. ಅರವತ್ತು ವರ್ಷ ಕುರುಪಿ, ಕುಡಗೋಲು ಹಿಡಿದ ಬೆರಳು, ಗೆರೆ ಎಲ್ಲಿ ಉಳಿದಾವು? ಓಟಿಪಿ ಹಾಕಿರಿ ಅಂದರು. ಆಧಾರಕ್ಕೆ ಜೋಡಿಸಿದ ನಂಬರಿನ ಫೋನ್ ಯಾವಾಗೋ ಕೆಟ್ಟಿತ್ತು. ಮೂರು ದಿನದ ಕೂಲಿ ಹೋಯಿತು. 2023ರಲ್ಲಿ ಮುಖ ತೋರಿಸಿ ಇ-ಕೆವೈಸಿ ಮಾಡುವ ಅನುಕೂಲ ಬಂದ ಮೇಲೆ ಅವ್ವನ ಕೆಲಸ ಆಯಿತು. ಒಂದು ದಾರಿ ಮುಚ್ಚಿದರೆ ಇನ್ನೊಂದು ದಾರಿ ಇರಬೇಕು ಅನ್ನುವುದು ಇದಕ್ಕೇ.

ನೆಟ್‌ವರ್ಕ್ ಇಲ್ಲದೆ ಯಾವುದೂ ನಡೆಯುವುದಿಲ್ಲ ಅನ್ನುವುದೂ ಖರೆ ಅಲ್ಲ. 2020ರಿಂದ ನಾವೇ ನಮ್ಮ ಹೊಲದ ಬೆಳೆ ಸಮೀಕ್ಷೆ ಮಾಡುತ್ತಿದ್ದೇವೆ. ಮನೆಯಲ್ಲಿ ನಕಾಶೆ ಇಳಿಸಿಕೊಂಡು, ಹೊಲದಲ್ಲಿ ಗೋವಿನಜೋಳದ ಫೋಟೋ ತೆಗೆದು, ಊರಿಗೆ ಬಂದು ನೆಟ್‌ವರ್ಕ್ ಸಿಕ್ಕಾಗ ಕಳಿಸಿದರೆ ಆಯಿತು. ಹೊಲದಲ್ಲಿ ಟವರ್ ಸಿಗುವುದಿಲ್ಲ ಅಂತ ಅದನ್ನು ಮಾಡಿದವರಿಗೆ ಮೊದಲೇ ಗೊತ್ತಿತ್ತು. ಮಾರುಕಟ್ಟೆ ಟೆಂಡರ್ ನೋಡಿರಿ. 2014ರಲ್ಲಿ ಏಕೀಕೃತ ಮಾರುಕಟ್ಟೆ ವೇದಿಕೆ ಶುರುವಾದ ಮೇಲೆ ದರ ಕಂಪ್ಯೂಟರಿನಲ್ಲಿ ಬೀಳುತ್ತದೆ. ಆದರೆ ಚೀಲ ತಂದ ರೈತ ಕಂಪ್ಯೂಟರ್ ಮುಟ್ಟಬೇಕಾಗಿಲ್ಲ. ಲಾಟ್ ನಂಬರಿನ ಚೀಟಿ ಕೈಗೆ ಬರುತ್ತದೆ, ಕೇಳಿದರೆ ಹೇಳಲಿಕ್ಕೆ ಮನುಷ್ಯ ಇದ್ದಾನೆ. ಚಾರ್ಜಿಂಗ್ ಯಂತ್ರದವರಿಗೆ ಇದು ಯಾಕೆ ಹೊಳೆಯಲಿಲ್ಲ?

ನಮ್ಮ ವಯಸ್ಸಿನವರಿಗೆ ಎಸ್‌ಟಿಡಿ ಬೂತ್ ನೆನಪಿರಬೇಕು. ತೊಂಬತ್ತರ ದಶಕದಲ್ಲಿ ಊರೂರಿಗೆ ಹಳದಿ ಬೋರ್ಡ್ ಬಂದಿತ್ತು. ಮನೆಮನೆಗೆ ಫೋನ್ ಇರಲಿಲ್ಲ. ಬೂತಿನಲ್ಲಿ ಒಬ್ಬ ಕುಂತಿರುತ್ತಿದ್ದ. ನಂಬರ್ ಹಚ್ಚಿ ಕೊಡುತ್ತಿದ್ದ, ಮೀಟರ್ ಓಡುತ್ತಿತ್ತು, ಚೀಟಿ ಬರುತ್ತಿತ್ತು, ರೊಕ್ಕ ಕೊಟ್ಟು ಹೊರಗೆ ಬರುತ್ತಿದ್ದೆವು. ಓದು ಬರದ ಮುದುಕಿಯೂ ಮುಂಬೈಯಲ್ಲಿದ್ದ ಮಗನ ಕೂಡ ಮಾತಾಡುತ್ತಿದ್ದಳು. ಬೂತ್ ನಡೆಸಿದವನ ಸಂಸಾರವೂ ನಡೆಯಿತು.

ಈಗ ನಮಗೆ ಬೇಕಾದದ್ದು ಅಂಥದೇ ಒಂದು ಚಾರ್ಜಿಂಗ್ ಬೂತ್. ಇದಕ್ಕೆ ಹೆದ್ದಾರಿಯ ದೊಡ್ಡ ಯಂತ್ರ ಬೇಕಾಗಿಲ್ಲ. ಆ ಯಂತ್ರ ಅವಸರದಲ್ಲಿರುವವರಿಗೆ. ನಾವು ಮಾರುಕಟ್ಟೆಗೆ ಹೋದರೆ ಹೆಂಗಿದ್ದರೂ ಇಡೀ ದಿನ ಕಾಯುತ್ತೇವೆ. ಸ್ಕೂಟರ್ ತುಂಬಲಿಕ್ಕೆ ಸಾದಾ ಪ್ಲಗ್ಗಿನಲ್ಲಿ ನಾಲ್ಕೈದು ತಾಸು ಸಾಕು. ಬೇವಿನ ಗಿಡದ ಕೆಳಗೆ ನನ್ನ ಗಾಡಿ ನಿಂತಿದ್ದು ಎಂಟು ತಾಸು! ಅಲ್ಲೊಂದು ಪ್ಲಗ್ ಇದ್ದಿದ್ದರೆ ಟೆಂಡರ್ ಮುಗಿಯುವುದರೊಳಗೆ ಗಾಡಿ ತುಂಬಿ ತುಳುಕುತ್ತಿತ್ತು.

ಖರ್ಚು ಎಷ್ಟು? ನಮ್ಮೂರ ವೈರಮನ್‌ಗೆ ಕೇಳಿದೆ. 16 ಆಂಪಿಯರಿನ ಸಾಕೆಟ್, ಶಾಕ್ ಹೊಡೆಯುವ ಮೊದಲೇ ಲೈನ್ ಕಡಿಯುವ ಸ್ವಿಚ್, ಯೂನಿಟ್ ತೋರಿಸುವ ಸಣ್ಣ ಮೀಟರ್, ವೈರು, ಕೂಲಿ ಎಲ್ಲ ಸೇರಿ ಒಂದು ಪಾಯಿಂಟಿಗೆ ನಾಲ್ಕು ಸಾವಿರ ಅಂದ. ಹತ್ತು ಪಾಯಿಂಟಿಗೆ ನಲವತ್ತು ಸಾವಿರ. ಮಾರುಕಟ್ಟೆ ಸಮಿತಿಗಾಗಲಿ, ಸೊಸೈಟಿಗಾಗಲಿ ಇದು ಹೊರೆ ಆಗುವ ರೊಕ್ಕ ಅಲ್ಲ.

ಕರೆಂಟ್ ಮಾರಲಿಕ್ಕೆ ಲೈಸೆನ್ಸ್ ಬೇಕಲ್ಲ ಅಂತ ಕೆಲವರು ಹೆದರುತ್ತಾರೆ. ಬೇಕಾಗಿಲ್ಲ. ಗಾಡಿ ಚಾರ್ಜ್ ಮಾಡಿಕೊಡುವುದು ಸೇವೆ, ಕರೆಂಟ್ ಮಾರಾಟ ಅಲ್ಲ, ಅದಕ್ಕೆ ಲೈಸೆನ್ಸ್ ಬೇಡ ಅಂತ ಕೇಂದ್ರ ವಿದ್ಯುತ್ ಸಚಿವಾಲಯ 2018ರ ಏಪ್ರಿಲ್‌ನಲ್ಲೇ ಹೇಳಿದೆ. ಸೊಸೈಟಿ ಮಾಡಬಹುದು, ಪಂಚಾಯ್ತಿ ಮಾಡಬಹುದು, ಹಿಟ್ಟಿನ ಗಿರಣಿಯವ ಮಾಡಬಹುದು, ಚಾದಂಗಡಿಯವ ಮಾಡಬಹುದು. ಮೀಟರ್ ಕನೆಕ್ಷನ್ ಮಾತ್ರ ಸರಿಯಾದದ್ದು ತಗೋಬೇಕು.

ಮನೆಯಲ್ಲಿ ಚಾರ್ಜ್ ಮಾಡುವವರಿಗೆ ನನ್ನ ಅನುಭವದ ಮೂರು ಮಾತು.

ಒಂದು, ಅರ್ಥಿಂಗ್. ಹಾವೇರಿಯಲ್ಲಿ ನೌಕರಿ ಮಾಡುವ ನಮ್ಮ ಅಳಿಯಂದಿರು ಕರೆಂಟ್ ಕಾರ್ ತಗೊಂಡಿದ್ದಾರೆ. ಯುಗಾದಿಗೆ ಬಂದಾಗ ಚಾರ್ಜರ್ ಹಚ್ಚಿದರೆ ಕೆಂಪು ದೀಪ. ಕಾರಿನದೇ ತಪ್ಪು ಅಂದುಕೊಂಡೆವು. ಕಾರಿನದಲ್ಲ, ನಮ್ಮ ಮನೆಯದು! ಅರ್ಥ್ ವೈರ್ ಯಾವಾಗೋ ಕಡಿದಿತ್ತು. ಅರ್ಥ್ ಇಲ್ಲದಿದ್ದರೆ ಕಾರಿನ ಚಾರ್ಜರ್ ಕೆಲಸ ಮಾಡುವುದಿಲ್ಲ, ನಮ್ಮ ಜೀವ ಉಳಿಸಲಿಕ್ಕೇ ಹಾಗೆ ಮಾಡಿರುತ್ತಾರೆ. ಎಂಟು ಅಡಿ ತೆಗ್ಗು ತೋಡಿ, ಜಿಐ ಪೈಪ್ ಇಳಿಸಿ, ಸುತ್ತ ಇದ್ದಿಲು, ಉಪ್ಪು ಪದರ ಪದರವಾಗಿ ತುಂಬಿ ನೀರು ಹಾಕಿದೆವು. ಜೋಡಣೆಯನ್ನು ವೈರಮನ್ ಕೈಲೇ ಮಾಡಿಸಿದೆವು. ನಮ್ಮದು ಮಸಾರಿ ನೆಲ, ಬೇಸಿಗೆಯಲ್ಲಿ ಬೇಗ ಒಣಗುತ್ತದೆ, ಆವಾಗಾವಾಗ ನೀರು ಹಾಕಬೇಕು. ಕೆಲವರು ಪ್ಲಗ್ಗಿನ ಮೂರನೇ ಪಿನ್ ಮುರಿದು ಹಚ್ಚುತ್ತಾರೆ. ಹಂಗ ಮಾಡಬ್ಯಾಡ್ರಿ. ಅದು ಜೀವ ಕಾಯುವ ಪಿನ್.

ಎರಡು, ಬಿಲ್ಲು. 2023ರಲ್ಲಿ ಬಂದ ಗೃಹಜ್ಯೋತಿಯಲ್ಲಿ ಎಲ್ಲರಿಗೂ 200 ಯೂನಿಟ್ ಪುಕ್ಕಟೆ ಅಂತ ಕೆಲವರು ತಿಳಿದಿದ್ದಾರೆ. ಹಾಗಲ್ಲ. ನಿಮ್ಮ ಮನೆಯ ಮೊದಲಿನ ಸರಾಸರಿ ಬಳಕೆಯ ಮೇಲೆ ಶೇ. 10, ಸರಾಸರಿ 48 ಯೂನಿಟ್ಟಿಗಿಂತ ಕಮ್ಮಿ ಇದ್ದರೆ ಅದರ ಮೇಲೆ 10 ಯೂನಿಟ್, ಅಷ್ಟೇ ಪುಕ್ಕಟೆ. ದಿನ ಬಿಟ್ಟು ದಿನ ಸ್ಕೂಟರ್ ತುಂಬಿದರೆ ತಿಂಗಳಿಗೆ 45 ಯೂನಿಟ್ ಹೆಚ್ಚಾಗುತ್ತದೆ. ಹೆಚ್ಚಾದದ್ದಕ್ಕೆ ರೊಕ್ಕ ಕಟ್ಟಬೇಕು. ಒಟ್ಟು 200 ದಾಟಿದರೆ ಪೂರಾ ಬಿಲ್ಲನ್ನೇ ಕಟ್ಟಬೇಕು. ಕಟ್ಟಿದರೂ ಪೆಟ್ರೋಲಿಗಿಂತ ಕಮ್ಮಿಯೇ. ಆದರೆ ಮೊದಲೇ ಗೊತ್ತಿದ್ದರೆ ಬಿಲ್ಲು ನೋಡಿ ಎದೆ ಧಸಕ್ ಅನ್ನುವುದಿಲ್ಲ.

ಮೂರು, ಪಂಪ್‌ಸೆಟ್ಟಿನ ಲೈನ್. ಹೊಲದಲ್ಲಿ ಪುಕ್ಕಟೆ ಕರೆಂಟ್ ಐತಲ್ಲ, ಅಲ್ಲೇ ಗಾಡಿ ಹಚ್ಚಿದರಾತು ಅನ್ನುವವರು ಇದ್ದಾರೆ. 10 ಎಚ್‌ಪಿ ಮಟ ಪುಕ್ಕಟೆ ಕೊಡುವುದು ನೀರೆತ್ತಲಿಕ್ಕೆ. ಗಾಡಿಗೆ ಬಳಸುವುದು ತಪ್ಪು. ಒಬ್ಬ ತಪ್ಪು ಮಾಡಿದರೆ ನಾಳೆ ಎಲ್ಲರ ಸೌಲಭ್ಯಕ್ಕೂ ಕುತ್ತು ಬರುತ್ತದೆ.

ಊರಿಗೆ ನಾಲ್ಕೈದು ಕರೆಂಟ್ ಗಾಡಿ, ಅಷ್ಟಕ್ಕೆ ಇಷ್ಟೆಲ್ಲ ಯಾಕೆ ಅಂತ ನಮ್ಮ ಪಂಚಾಯ್ತಿ ಸದಸ್ಯರೊಬ್ಬರು ನಕ್ಕರು. ಊರಲ್ಲಿ ಎಲ್ಲರ ಮನೆಗೂ ಫೋನ್ ಬಂದ ಮೇಲೆ ಎಸ್‌ಟಿಡಿ ಬೂತ್ ಹಾಕಿದರೇನು? ಫೋನ್ ಇಲ್ಲದಾಗಲೇ ಹಾಕಿದರು. ಅದರಿಂದಲೇ ನಾವು ಫೋನ್ ಕಲಿತೆವು. ದಾರಿ ನೋಡಿ ಚಕ್ಕಡಿ ಹೂಡುತ್ತಾರೆ. ತೆಗ್ಗು ಬಿದ್ದ ದಾರಿಗೆ ಯಾರೂ ಹೂಡುವುದಿಲ್ಲ. ನಾನು ಅವತ್ತು ರಸ್ತೆಯಲ್ಲಿ ಫೋನ್ ಎತ್ತಿಹಿಡಿದು ಅಡ್ಡಾಡಿದ್ದು ಗೊತ್ತಾದ ಮೇಲೆ ನಮ್ಮೂರಲ್ಲಿ ಗಾಡಿ ತಗೋಬೇಕು ಅಂತಿದ್ದ ಇಬ್ಬರು ಹಿಂದೆ ಸರಿದರು.

ಅದಕ್ಕೇ ಕೇಳುವುದು ಎರಡೇ ಮಾತು. ರೈತರು ದಿನವಿಡೀ ಕಾಯುವ ಕಡೆ, ಅಂದರೆ ಮಾರುಕಟ್ಟೆ, ಸೊಸೈಟಿ, ತಾಲೂಕು ಕಚೇರಿ, ಸರ್ಕಾರಿ ದವಾಖಾನೆಗಳಲ್ಲಿ ಮೀಟರ್ ಇರುವ ಸಾದಾ ಪ್ಲಗ್ ಹಾಕಿರಿ, ನೋಡಿಕೊಳ್ಳಲಿಕ್ಕೆ ಊರಿನ ಒಬ್ಬ ಹುಡುಗನನ್ನೋ ಹುಡುಗಿಯನ್ನೋ ಕೂಡಿಸಿರಿ. ಇನ್ನು ಹೆದ್ದಾರಿ ಯಂತ್ರಗಳಲ್ಲಿ ಫೋನ್ ಇಲ್ಲದವನೂ ರೊಕ್ಕ ಕೊಟ್ಟು ಚಾರ್ಜ್ ಮಾಡಿಕೊಳ್ಳುವ ಇನ್ನೊಂದು ದಾರಿ ಇಡಿರಿ, ಪಕ್ಕದಲ್ಲೇ ಸ್ಕೂಟರಿಗೊಂದು ಸಾದಾ ಪ್ಲಗ್ ಇಡಿರಿ.

ನಮ್ಮ ಸೊಸೈಟಿಯ ಮುಂದಿನ ಸಭೆಯಲ್ಲಿ ಎರಡು ಪಾಯಿಂಟಿಗೆ ನಾನು ಅರ್ಜಿ ಕೊಡುವವನಿದ್ದೇನೆ. ಓದಿದ ನೀವೂ ನಿಮ್ಮ ಸೊಸೈಟಿಯಲ್ಲಿ ಕೇಳಿ ನೋಡಿರಿ. ಯಾರಾದರೂ ಆಗಲೇ ಮಾಡಿದ್ದರೆ ಖರ್ಚು, ಆದಾಯ, ತೊಂದರೆ ಎಲ್ಲ ಈ ಪತ್ರಿಕೆಗೆ ಬರೆಯಿರಿ. ನೋಡಿ ಕಲಿಯುತ್ತೇವೆ.

ಆ ಚಾದಂಗಡಿಯ ಮುಂದೆ ಮೊನ್ನೆ ಹಾದು ಬಂದೆ. ಗೋಡೆಗೆ ಒಂದು ಹೊಸ ಸಾಕೆಟ್, ಬಾಜೂಕ ಸಣ್ಣ ಮೀಟರ್. ಹಲಗೆ ಮೇಲೆ ಸುಣ್ಣದಲ್ಲಿ ಬರೆದಿದ್ದಾನೆ: "ಇಲ್ಲಿ ಗಾಡಿ ಚಾರ್ಜ್ ಮಾಡಲಾಗುವುದು. ತಾಸಿಗೆ 10 ರೂಪಾಯಿ."