ಆನ್‌ಸೈಟ್ ಸರಿ, ಯಾವ ವೀಸಾ?

ಪ್ಲೇಸ್‌ಮೆಂಟ್ ಟಾಕ್‌ನಲ್ಲಿ ನಾವು ಕೇಳೋದು ಎರಡೇ: ಪ್ಯಾಕೇಜ್ ಎಷ್ಟು, ಆನ್‌ಸೈಟ್ ಇದೆಯಾ? ಯಾವ ವೀಸಾದಲ್ಲಿ ಕಳಿಸ್ತೀರಿ ಅಂತ ಯಾರೂ ಕೇಳಲ್ಲ. ಕೇಳಬೇಕು.

ಅಮೆರಿಕದ ಬಿ-1 ವೀಸಾ ಇರುವುದು ಮೀಟಿಂಗ್, ಒಪ್ಪಂದದ ಮಾತುಕತೆ, ಸಮ್ಮೇಳನಗಳಿಗೆ. ಕ್ಲೈಂಟ್ ಆಫೀಸಿನಲ್ಲಿ ಕೂತು ಕೋಡ್ ಬರೆಯೋಕೆ ಎಚ್-1ಬಿಯಂಥ ಕೆಲಸದ ವೀಸಾ ಬೇಕು. ಅದಕ್ಕೆ ವಾರ್ಷಿಕ ಮಿತಿ, ಲಾಟರಿ, ಅಲ್ಲಿನ ದರದ ಸಂಬಳ ಎಲ್ಲ ಇದೆ. ಬಿ-1ಗೆ ಇದ್ಯಾವುದೂ ಇಲ್ಲ. ಅಡ್ಡದಾರಿಯ ಆಸೆ ಹುಟ್ಟೋದು ಇಲ್ಲೇ. ಬಿ-1 ದುರ್ಬಳಕೆಯ ಆರೋಪ ಎದುರಿಸಿದ್ದ ನಮ್ಮ ಬೆಂಗಳೂರಿನ ಇನ್ಫೋಸಿಸ್, 2013ರಲ್ಲಿ 3.4 ಕೋಟಿ ಡಾಲರ್ ಕಟ್ಟಿ ಪ್ರಕರಣ ಮುಗಿಸಿಕೊಂಡಿತು. ದುರ್ಬಳಕೆ ಮಾಡಿಲ್ಲ ಎಂದೇ ಹೇಳಿತು.

ಕಂಪನಿಗಳು ದುಡ್ಡು ಕಟ್ಟಿ ಮುಂದೆ ಹೋಗ್ತವೆ. ಆದರೆ ಏರ್‌ಪೋರ್ಟಿನಲ್ಲಿ ‘ಏನು ಕೆಲಸಕ್ಕೆ ಬಂದಿದ್ದೀರಿ?’ ಅಂತ ಅಧಿಕಾರಿ ಕೇಳೋದು ನಮ್ಮನ್ನು, ಎಚ್‌ಆರ್‌ನ ಅಲ್ಲ. ಅಲ್ಲಿ ಹೇಳಿದ ಸುಳ್ಳು ನಮ್ಮ ಹೆಸರಲ್ಲೇ ದಾಖಲಾಗುತ್ತೆ; ಆ ದೇಶದ ಬಾಗಿಲು ಶಾಶ್ವತವಾಗಿ ಮುಚ್ಚಲೂಬಹುದು.

ಆದ್ದರಿಂದ ವೀಸಾದಲ್ಲಿರೋ ಕೆಲಸ, ಆಹ್ವಾನ ಪತ್ರದಲ್ಲಿರೋ ಕೆಲಸ, ನಿಜವಾಗಿ ಮಾಡೋ ಕೆಲಸ, ಮೂರೂ ಒಂದೇನಾ ಅಂತ ಹೊರಡೋ ಮುಂಚೆ ನೋಡೋಣ. ಅಲ್ಲ ಅನ್ನಿಸಿದ್ರೆ ಮೇಲ್ ಹಾಕಿ ಕೇಳೋಣ. ಕೇಳಿದ್ರೆ ಚಾನ್ಸ್ ತಪ್ಪುತ್ತೆ ಅನ್ನೋ ಭಯ ನಮಗೂ ಇದೆ. ತಪ್ಪಿದ ಚಾನ್ಸ್ ಮುಂದಿನ ವರ್ಷ ಬರಬಹುದು. ಪಾಸ್‌ಪೋರ್ಟ್ ಮೇಲಿರೋದು ನಮ್ಮ ಹೆಸರು.